ಪಕ್ಕದ ಹೆಪ್ಪು

ಕ್ಯಾನ್ಸರನ್ನು ಕೊಲ್ಲಬೇಕೆಂದು ಮನುಷ್ಯ ನೂರು ವರ್ಷ ಬಡಿದಾಡಿದ. ಕೊಯ್ದ, ಸುಟ್ಟ, ವಿಷ ಹಾಕಿದ. ಕೊನೆಗೆ, ಇದು ಸುಲಭಕ್ಕೆ ಸಾಯುವ ಗಿರಾಕಿಯಲ್ಲ ಎಂದು ಒಪ್ಪಿಕೊಂಡು, ಅದನ್ನು ಮಲಗಿಸುವುದನ್ನು ಕಲಿತ. ಮಲಗಿದ ಕ್ಯಾನ್ಸರ್ ಮೈಯೊಳಗೇ ಇರುತ್ತದೆ, ಬೆಳೆಯುವುದಿಲ್ಲ. ಅದನ್ನು ಹೊತ್ತವರು ಸಂತೆಗೆ ಹೋಗುತ್ತಾರೆ, ಬೀಗರ ಮನೆಗೆ ಹೋಗುತ್ತಾರೆ, ಸೊಸೆಯ ಮೇಲೆ ರೇಗುತ್ತಾರೆ. ಇಪ್ಪತ್ತೊಂದು ದಿನಕ್ಕೊಮ್ಮೆ ಒಂದು ಚುಚ್ಚುಮದ್ದನ್ನು ಮಾತ್ರ ತಪ್ಪಿಸುವಂತಿಲ್ಲ.

ಧಾರವಾಡದ ಹೊರಗೆ, ಕಲಘಟಗಿ ರಸ್ತೆಯಲ್ಲಿ, ಈ ಚುಚ್ಚುಮದ್ದು ತಯಾರಿಸುವ ಕೇಂದ್ರವೊಂದಿತ್ತು. ಅಲ್ಲಿ ಕೋಶಗಳನ್ನು ಬೆಳೆಸುವ ಕೋಣೆಯ ಮುಖ್ಯಸ್ಥೆ ಡಾಕ್ಟರ್ ಪಲ್ಲವಿ ಮುಳಗುಂದ. ವಯಸ್ಸು ಐವತ್ತೇಳು, ಹೆಸರು ಮಾತ್ರ ಇನ್ನೂ ಚಿಗುರು. ಹೊಸದಾಗಿ ಸೇರಿದವರಿಗೆ ಅವಳು ಇಡೀ ವಿಜ್ಞಾನವನ್ನು ಅಡಿಗೆಮನೆಯ ಲೆಕ್ಕದಲ್ಲಿ ಹೇಳಿ ಮುಗಿಸುತ್ತಿದ್ದಳು. ಜೀವಕೋಶದ ನಡುಮನೆಯಲ್ಲಿ ಬೀಗ ಹಾಕಿದ ಕಪಾಟು, ಅದರೊಳಗೆ ಡಿಎನ್‌ಎ ಎಂಬ ದೊಡ್ಡ ಪುಸ್ತಕ. ಪುಸ್ತಕ ಹೊರಗೆ ಬರುವಂತಿಲ್ಲ. ಬೇಕಾದ ಸಾಲನ್ನು ಚೀಟಿಯಲ್ಲಿ ಬರೆದು ಅಡಿಗೆಯವರಿಗೆ ಕಳಿಸಬೇಕು. ಆ ಚೀಟಿಯೇ ಆರ್‌ಎನ್‌ಎ. ಕ್ಯಾನ್ಸರ್ ಹಿಡಿದ ಕೋಶದಲ್ಲಿ ‘ಒಡೆದು ಎರಡಾಗು’ ಎಂಬ ಚೀಟಿ ಬರುತ್ತಲೇ ಇರುತ್ತದೆ. ಆ ಚೀಟಿಗೆ ಸರಿಯಾಗಿ ಅಂಟುವಂಥ ಇನ್ನೊಂದು ಪುಟ್ಟ ಆರ್‌ಎನ್‌ಎ ತುಂಡನ್ನು ನಾವು ಮಾಡಿ ಕಳಿಸುತ್ತೇವೆ. ಅಂಟಿದ ಚೀಟಿಯನ್ನು ಅಡಿಗೆಯವರು ಓದಲಾರರು. ಕೋಶ ಸುಮ್ಮನೆ ಕೂರುತ್ತದೆ. ಅಷ್ಟೇ.

ಅಷ್ಟೇ ಆಗಿದ್ದರೆ ಪಲ್ಲವಿಗೆ ಇಪ್ಪತ್ತಾರು ವರ್ಷ ಕೆಲಸವಿರುತ್ತಿರಲಿಲ್ಲ. ಕ್ಯಾನ್ಸರ್ ಮಹಾ ಕಿಲಾಡಿ. ಮೂರು ವಾರಕ್ಕೊಮ್ಮೆ ಚೀಟಿಯ ಒಕ್ಕಣೆ ಬದಲಿಸುತ್ತದೆ. ಹೊಸ ಒಕ್ಕಣೆ ತಿಳಿಯಲು ಪ್ರತಿಸಲವೂ ರೋಗಿಯ ಗಡ್ಡೆಯನ್ನು ಕತ್ತರಿಸಿ ನೋಡಲಾಗುತ್ತದೆಯೇ? ಅದಕ್ಕೇ ಮೊದಲ ದಿನವೇ ಗಡ್ಡೆಯ ಚೂರೊಂದನ್ನು ತೆಗೆದು ಗಾಜಿನ ಸೀಸೆಯಲ್ಲಿ ಬೆಳೆಸಿಡುತ್ತಿದ್ದರು. ವಾರಕ್ಕೊಮ್ಮೆ ರೋಗಿಯದೇ ರಕ್ತದ ತಿಳಿಯನ್ನು ಆ ಸೀಸೆಗೆ ಉಣಿಸಿದರೆ, ಮೈಯೊಳಗಿನ ಗಡ್ಡೆ ಹೇಗೆ ಬದಲಾಗುತ್ತದೋ ಸೀಸೆಯೊಳಗಿನದೂ ಹಾಗೆಯೇ ಬದಲಾಗುತ್ತಿತ್ತು. ಸೀಸೆಯ ಚೀಟಿ ಓದಿ ಮೈಗೆ ಮದ್ದು. ಕೇಂದ್ರದ ಕಾಗದಗಳಲ್ಲಿ ಆ ಸೀಸೆಗೊಂದು ಉದ್ದನೆಯ ಹೆಸರಿತ್ತು. ಜನ ಅದನ್ನು ಹೆಪ್ಪು ಎಂದು ಕರೆದರು. ಇವತ್ತಿನದರಲ್ಲಿ ಒಂದಿಷ್ಟು ಉಳಿಸಿ ನಾಳೆಗೆ ದಾಟಿಸುವುದು ಮೊಸರಿನ ಹೆಪ್ಪಲ್ಲದೆ ಮತ್ತೇನು? “ನಮ್ಮ ಮಾವಾರ ಹೆಪ್ಪು ಹೆಂಗೈತ್ರಿ?” ಎಂದು ಕಿಟಕಿಯಲ್ಲಿ ವಿಚಾರಿಸುವವರಿದ್ದರು. ಹೆಪ್ಪಿನ ನಂಬರು ಹೇಳಿ ಗುಡಿಯಲ್ಲಿ ಅರ್ಚನೆ ಮಾಡಿಸುವವರಿದ್ದರು. ಮಗಳ ಮದುವೆಯಾಗುವ ತನಕ ತಮಗೊಂದು ಹೆಪ್ಪಿದೆ ಎಂಬುದನ್ನು ಮುಚ್ಚಿಡುವವರೂ ಇದ್ದರು.

ಸುಮಾರು ನಾನೂರು ಸೀಸೆಗಳು ಮೈಯ ಬಿಸಿಯಷ್ಟೇ ಬಿಸಿಯ ಕಪಾಟುಗಳಲ್ಲಿ ಸಾಲಾಗಿ ನಿಂತಿದ್ದವು. ಚೀಟಿ ಓದುವ ಚಿಪ್ ಇರುವುದು ಮುಚ್ಚಳದಲ್ಲಾದ್ದರಿಂದ ನಂಬರೂ ಮುಚ್ಚಳದ ಮೇಲೇ. ಹಾಗಾಗಿ ಆ ಕೋಣೆಯ ಮೊದಲ ಕಟ್ಟಳೆ, ಒಂದು ಹೊತ್ತಿಗೆ ಒಂದೇ ಮುಚ್ಚಳ. ಒಂದು ಸೀಸೆ ತೆರೆದು, ಉಣಿಸಿ, ಮುಚ್ಚಿ, ಕಪಾಟಿಗೆ ಸೇರಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು. ಆರು ವರ್ಷದ ಹಿಂದೆ ನಿಂಗರಾಜ ಕಮ್ಮಾರ ಎಂಬ ಹೊಸ ವಿಜ್ಞಾನಿ ಅವಸರದಲ್ಲಿ ಎರಡು ಸೀಸೆ ಒಟ್ಟಿಗೆ ತೆರೆದದ್ದನ್ನು ಪಲ್ಲವಿ ಗಾಜಿನಾಚೆಯಿಂದ ಕಂಡಿದ್ದಳು. ಏನೂ ಅದಲುಬದಲಾಗಿರಲಿಲ್ಲ. ಆದರೂ ಎಲ್ಲರೆದುರು, “ಕೈಯಾಗ ಜೀವಾ ಹಿಡದಾವ್ರು ಹಿಂಗ ಮಾಡ್ತಾರೇನು?” ಎಂದು ಅವನ ಕಣ್ಣಲ್ಲಿ ನೀರು ಬರಿಸಿ, ಮೂರು ತಿಂಗಳು ಕೋಣೆಯ ಹೊಸ್ತಿಲು ತುಳಿಯದಂತೆ ಮಾಡಿದ್ದಳು. ಈಗ ಅವನೇ ಅವಳ ಕೈಕೆಳಗಿನ ಎರಡನೆಯವನು.

ಎರಡನೆಯ ಕಟ್ಟಳೆ, ಕ್ಯಾನ್ಸರ್ ಇದ್ದವರು ಆ ಕೋಣೆಯಲ್ಲಿ ಕೆಲಸ ಮಾಡಕೂಡದು. ಬೇರೆಯವರ ಕೋಶ ಸೂಜಿಯಿಂದಲೋ ಸಿಡಿತದಿಂದಲೋ ಮೈಗೆ ಸೇರಿದರೆ ಮೈ ಅದನ್ನು ಪರಕೀಯವೆಂದು ಗುರುತಿಸಿ ಕೊಂದುಬಿಡುತ್ತದೆ. ತನ್ನದೇ ಕೋಶವಾದರೆ ಮನೆಮಗಳು ಬಂದಳೆಂದು ಒಳಗೆ ಕರೆದು ಕೂರಿಸುತ್ತದೆ.

ಈ ಕಟ್ಟಳೆಯನ್ನು ಪಲ್ಲವಿ ನಾಲ್ಕು ವರ್ಷದಿಂದ ಮುರಿಯುತ್ತಿದ್ದಳು.

ಎಡಮಗ್ಗುಲಲ್ಲಿ ಗಂಟು ಸಿಕ್ಕ ದಿನ ಅವಳು ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು ಎಂಬುದು ಬೇರೆ ಮಾತು. ಮದುವೆ ಆಗಿರಲಿಲ್ಲ, ತಾಯಿ ತೀರಿ ಒಂಬತ್ತು ವರ್ಷವಾಗಿತ್ತು. ಹುಬ್ಬಳ್ಳಿಗೆ ಹೋಗಿ, ತಾಯಿಯ ಹೆಸರನ್ನೇ ತುಸು ತಿರುಚಿ ಅಂಬಾಬಾಯಿ ಗದಗ ಎಂದು ಬರೆಸಿ, ಚೂರು ತೆಗೆಸಿದಳು. ಆ ಚೂರು ಅಂಚೆಯಲ್ಲಿ ಅವಳದೇ ಕೋಣೆಗೆ ಬಂತು. ಅವಳೇ ಸೀಸೆಗೆ ಹಾಕಿದಳು. ಗೊತ್ತಾದರೆ ಕೋಣೆಯಿಂದ ಹೊರಗೆ, ಮತ್ತು ಆ ಕೋಣೆಯ ಹೊರಗೆ ಅವಳಿಗೆ ಇನ್ನೊಂದು ಜಾಗವೇ ಇರಲಿಲ್ಲ. ಇಪ್ಪತ್ತೊಂದು ದಿನಕ್ಕೊಮ್ಮೆ ಮಂಚದ ತುದಿಯಲ್ಲಿ ಕೂತು ತೊಡೆಗೆ ತಾನೇ ಚುಚ್ಚಿಕೊಳ್ಳುತ್ತಿದ್ದಳು. ಚುಚ್ಚಿಕೊಂಡ ದಿನ ಜ್ವರ ಬರುವುದು ಮಾಮೂಲು. ಅದನ್ನು ಭಾನುವಾರಕ್ಕೆ ಹೊಂದಿಸಿಕೊಂಡಿದ್ದಳು.

ಸೀಸೆಯನ್ನು ಎಲ್ಲಿಡಬೇಕು ಎಂದು ಯೋಚಿಸುವಾಗ ಮಾತ್ರ ಅವಳೊಂದು ಹುಚ್ಚುತನ ಮಾಡಿದಳು. ಕಪಾಟುಗಳಲ್ಲಿ ಬೇಕಾದಷ್ಟು ಜಾಗವಿತ್ತು. ಅವಳು ತನ್ನದನ್ನು ತಂದು ಮುನ್ನೂರ ಹದಿನೇಳರ ಪಕ್ಕದಲ್ಲಿಟ್ಟು, ಖಾಲಿ ಬಿದ್ದಿದ್ದ ಮುನ್ನೂರ ಹದಿನೆಂಟರ ನಂಬರು ಕೊಟ್ಟಳು.

ಮುನ್ನೂರ ಹದಿನೇಳು ಫಕೀರವ್ವನ ಹೆಪ್ಪು. ಕೇಂದ್ರದ ಗೇಟಿನ ಎದುರಿಗೇ ಫಕೀರವ್ವನ ಖಾನಾವಳಿ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಒಂದು ಪಲ್ಲೆ. ಹನ್ನೊಂದು ವರ್ಷದಿಂದ ಪಲ್ಲವಿಯ ಊಟ ಅಲ್ಲಿಯದೇ. ಮಧ್ಯಾಹ್ನ ಒಂದಕ್ಕೆ ಫಕೀರವ್ವ ತಾನೇ ರಸ್ತೆ ದಾಟಿ ಬಂದು ಗೇಟಿನ ಕಿಟಕಿಯಲ್ಲಿ ಡಬ್ಬಿ ಕೊಡುವಳು. “ಒಂದಿನಾ ಒಳಗ ಬರ್ರಿ ಅಕ್ಕಾರ, ಬಿಸೀದು ಉಣ್ಣೀರಂತ” ಎನ್ನುವಳು. “ಕೆಲಸ ಐತಿ ಫಕೀರವ್ವ” ಎಂದು ಪಲ್ಲವಿ ಡಬ್ಬಿ ಇಸಿದುಕೊಂಡು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಉಣ್ಣುವಳು. ನಾಲ್ಕು ರೊಟ್ಟಿಯಲ್ಲಿ ಎರಡು ಮಧ್ಯಾಹ್ನಕ್ಕೆ, ಎರಡು ಮನೆಗೆ. ಆರು ವರ್ಷದ ಹಿಂದೆ ಫಕೀರವ್ವನಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿದಾಗ ಪಲ್ಲವಿಯೇ ಓಡಾಡಿ ಹೆಪ್ಪಿಗೆ ಹಾಕಿಸಿದ್ದಳು. ಆ ಗಡ್ಡೆಯ ಚೀಟಿಯಲ್ಲೊಂದು ವಿಚಿತ್ರವಿತ್ತು. ಪುಸ್ತಕದ ಎರಡು ದೂರದ ಪುಟಗಳ ಸಾಲುಗಳು ಹರಿದು ಒಂದಕ್ಕೊಂದು ಅಂಟಿಕೊಂಡು ಒಂದೇ ಸಾಲಾಗಿದ್ದವು. ಬೇರೆ ಯಾವ ಹೆಪ್ಪಿನಲ್ಲೂ ಇಲ್ಲದ ಸಾಲು. ಪಲ್ಲವಿ ಅದರ ಮೇಲೆ ಪ್ರಬಂಧ ಬರೆದಿದ್ದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ಸಾಲಿನ ಅಕ್ಷರಗಳನ್ನು ಒಪ್ಪಿಸಬಲ್ಲವಳಾಗಿದ್ದಳು.

ಆ ವರ್ಷದ ಆಯುಧ ಪೂಜೆ ಎಂದಿನಂತೆಯೇ ಗದ್ದಲದಿಂದ ಬಂತು.

ವಿಜ್ಞಾನಿಗಳೆಂದ ಮಾತ್ರಕ್ಕೆ ಪೂಜೆ ಬಿಡುತ್ತಾರೆಯೇ? ಬೆಳಗಿನಿಂದ ಯಂತ್ರಗಳನ್ನೆಲ್ಲ ಒರೆಸಿ, ಸೂಕ್ಷ್ಮದರ್ಶಕಗಳಿಗೆ ಚೆಂಡುಹೂವು ಮುಡಿಸಿ, ಚೀಟಿ ಓದುವ ದೊಡ್ಡ ಯಂತ್ರಕ್ಕೆ ಮೂರು ಬೆರಳ ವಿಭೂತಿ ಬಳಿದಿದ್ದರು. ಕೋಶದ ಕೋಣೆಯೊಳಗೆ ಮಾತ್ರ ಹೂವಿಗೂ ಕುಂಕುಮಕ್ಕೂ ಪ್ರವೇಶವಿಲ್ಲ. ಅಲ್ಲಿ ಬಾಗಿಲಿಗೇ ಆರತಿ. ಆರತಿಯಾದ ಮೇಲೆ ಯಂತ್ರಗಳಿಗೆ ವಿಶ್ರಾಂತಿ. ಮರುದಿನ ಬನ್ನಿ ಮುಡಿಯುವ ತನಕ ಯಾರೂ ಏನನ್ನೂ ಮುಟ್ಟುವಂತಿಲ್ಲ. ಇದು ಯಾವ ಪುಸ್ತಕದಲ್ಲೂ ಬರೆದ ನಿಯಮವಲ್ಲ, ಆದರೆ ಮೀರುವ ಎದೆ ನಿರ್ದೇಶಕರಿಗೂ ಇರಲಿಲ್ಲ. ಹಾಗಾಗಿ ಎರಡು ದಿನದ ಉಣಿಸುವಿಕೆಯನ್ನು ಆರತಿಗೆ ಮುಂಚೆ ಮುಗಿಸಬೇಕು. ಎಲ್ಲರೂ ತಮ್ಮ ತಮ್ಮ ಕಪಾಟು ಮುಗಿಸಿ ಹೊರಗೆ ಹೋದರು. ಪಲ್ಲವಿಯ ಕಪಾಟಿನಲ್ಲಿ ಕಡೆಯ ಎರಡು ಸೀಸೆ ಉಳಿದಿದ್ದವು.

“ಮೇಡಮ್, ಆರತಿ ತಟ್ಟಿ ಹಿಡಕೊಂಡ ನಿಂತಾರ, ಬರ್ರಿ!” ಗಾಜಿನಾಚೆಯಿಂದ ನಿಂಗರಾಜ ಕೂಗಿದ.

“ಬಂದೆ, ಬಂದೆ.”

ಸೋಸಿದ ಗಾಳಿ ಬೀಸುವ ಮೇಜಿನ ಮೇಲೆ ಅವಳು ಎರಡನ್ನೂ ಒಟ್ಟಿಗೆ ಇಟ್ಟಳು. ಎರಡರ ಮುಚ್ಚಳವನ್ನೂ ತೆಗೆದಳು. ಎರಡಕ್ಕೂ ಉಣಿಸಿದಳು. ಹೊರಗೆ ಗಂಟೆ ಬಾರಿಸತೊಡಗಿದಾಗ ಎರಡನ್ನೂ ಮುಚ್ಚಿ ಕಪಾಟಿಗಿಟ್ಟು, ಕೈಗವಸು ಕಳಚಿ ಓಡಿದಳು. ಆರತಿ ತೆಗೆದುಕೊಳ್ಳುವಾಗ ಅವಳ ಮನಸ್ಸಿನಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಮಾತು ಇಂಥವರಿಗಾಗಿಯೇ ಹುಟ್ಟಿರಬೇಕು.

ಮರುದಿನ ಡಬ್ಬಿಯ ಮೇಲಿನ ಬಟ್ಟಲಲ್ಲಿ, ಹೋಳಿಗೆಯ ಮೇಲೆ, ಒಂದು ಹಿಡಿ ಬನ್ನಿ ಎಲೆ ಇತ್ತು. ಬನ್ನಿ ಕೊಟ್ಟವರಿಗೆ ತಿರುಗಿ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎನ್ನಬೇಕು. ಅದು ಪಲ್ಲವಿಗೂ ಗೊತ್ತು. ನಾಳೆ ಕೊಟ್ಟರಾಯಿತು ಎಂದು ಎಲೆಗಳನ್ನು ಮೇಜಿನ ಖಾನೆಗೆ ಹಾಕಿದಳು.

ರೊಟ್ಟಿ ಕೆಡತೊಡಗಿದ್ದು ದೀಪಾವಳಿಯ ನಂತರ. ಫಕೀರವ್ವನ ರೊಟ್ಟಿ ಎಂದರೆ ಕಾಗದದಷ್ಟು ತೆಳು, ಚಂದ್ರನಷ್ಟು ಗುಂಡು. ಈಗ ಅಂಚು ದಪ್ಪವಾಯಿತು, ನಡುವೆ ಹರಿಯಿತು. ನಾಲ್ಕು ದಿನ ಡಬ್ಬಿಯನ್ನು ಅವಳ ನಾದಿನಿ ಮಲ್ಲವ್ವ ತಂದಳು. ಐದನೆಯ ದಿನ ಫಕೀರವ್ವ ಬಂದಾಗ ಗೇಟಿನ ಕಂಬ ಹಿಡಿದು ಉಸಿರು ತೆಗೆದುಕೊಂಡಳು.

“ಏನಾತು ಫಕೀರವ್ವ?”

“ಕೈಯಾಗ ಕಸುವ ಇಲ್ರಿ ಅಕ್ಕಾರ. ಹಿಟ್ಟ ತಟ್ಟಾಕ ಹೋದ್ರ ತೋಳ ಬಿದ್ದ ಹೋಗ್ತಾವ. ಡಾಕ್ಟರು ಹೆಪ್ಪು ಚಲೋ ಮಲಗೇತಿ, ನಿನಗ ವಯಸ್ಸಾತು ಅಂದ್ರು.”

ಪಲ್ಲವಿಗೂ ಮಗ್ಗುಲಲ್ಲಿ ಎರಡು ವಾರದಿಂದ ನೋವಿತ್ತು. ಅದನ್ನವಳು ಕೂತು ಕೂತು ಬಂದ ನೋವು ಎಂದು ತೀರ್ಮಾನಿಸಿದ್ದಳು. ತನ್ನ ಹೆಪ್ಪಿನ ಹಾಳೆಯನ್ನು ಪೂರ್ತಿ ತೆರೆದು ನೋಡುವ ಧೈರ್ಯ ಅವಳಿಗೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಾನೂರು ಜನರ ಸಾವು ಬದುಕಿನ ಅಕ್ಷರ ಓದುವವಳು ತನ್ನದರ ಮೇಲಿನ ‘ನಿದ್ದೆ’ ಎಂಬ ಹಸಿರು ಗುರುತು ನೋಡಿ ಸರಕ್ಕನೆ ಪುಟ ಮಗುಚುತ್ತಿದ್ದಳು.

ಆ ಮಧ್ಯಾಹ್ನ ರೊಟ್ಟಿ ಮುರಿಯದೆ ಹಾಗೇ ಮುಚ್ಚಿಟ್ಟು, ಅವಳು ಮುನ್ನೂರ ಹದಿನೇಳರ ಹಾಳೆ ತೆರೆದಳು. ಮೈಯೊಳಗಿನ ಗಡ್ಡೆ ಎದ್ದಂತಿದೆ, ಹೆಪ್ಪು ಮಲಗಿದೆ. ಆರು ವರ್ಷದಲ್ಲಿ ಹೀಗಾಗಿದ್ದಿಲ್ಲ. ಚೀಟಿಯ ಸಾಲುಗಳನ್ನು ಒಂದೊಂದಾಗಿ ಕೆಳಗಿಳಿಸುತ್ತ ಹೋದಳು. ತನ್ನ ಪ್ರಬಂಧದ ಆ ಅಂಟಿಕೊಂಡ ಸಾಲು ಇರಬೇಕಾದ ಕಡೆ ಇರಲಿಲ್ಲ. ಇನ್ನೊಮ್ಮೆ ಹುಡುಕಿದಳು, ಯಂತ್ರದ ಕೈಯಲ್ಲೂ ಹುಡುಕಿಸಿದಳು. ಇಲ್ಲ. ಕ್ಯಾನ್ಸರ್ ಒಕ್ಕಣೆ ಬದಲಿಸುತ್ತದೆ ನಿಜ, ಹರಿದು ಅಂಟಿದ ಪುಟವನ್ನು ಮತ್ತೆ ಬಿಡಿಸಿ ಹೊಲಿಯುವುದಿಲ್ಲ. ಇದು ಫಕೀರವ್ವನ ಹೆಪ್ಪಲ್ಲ.

ಹಾಗಾದರೆ ಅವಳದೆಲ್ಲಿ?

ಅವಳು ಮುನ್ನೂರ ಹದಿನೆಂಟರ ಹಾಳೆ ತೆರೆದಳು. ಅಲ್ಲಿತ್ತು ಆ ಸಾಲು, ಒಂದಕ್ಷರ ತಪ್ಪದೆ. ಆರತಿಯ ಗಂಟೆ, ಎರಡು ಸೀಸೆ, ಎರಡು ಮುಚ್ಚಳ ಎಲ್ಲ ಒಮ್ಮೆಗೇ ಕಣ್ಣಿಗೆ ಬಂದವು. ಆರು ವಾರದಿಂದ ಫಕೀರವ್ವನ ಚೀಟಿ ಓದಿ ಮಾಡಿದ ಮದ್ದನ್ನು ಪಲ್ಲವಿ ತನ್ನ ತೊಡೆಗೆ ಚುಚ್ಚಿಕೊಂಡಿದ್ದಳು. ಪಲ್ಲವಿಯ ಚೀಟಿ ಓದಿ ಮಾಡಿದ್ದು ಫಕೀರವ್ವನ ಮೈ ಸೇರಿತ್ತು. ಉಣಿಸಿದ ರಕ್ತದ ತಿಳಿಯಲ್ಲಿ ಎರಡು ಸೀಸೆಗಳೂ ತಮ್ಮ ತಮ್ಮ ಮದ್ದು ಕುಡಿದು ಹಾಯಾಗಿ ಮಲಗಿದ್ದವು. ಎದ್ದದ್ದು ಎರಡು ಮೈಗಳು.

ಅವಳ ಮೊದಲ ಯೋಚನೆ ಒಳ್ಳೆಯದಿರಲಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಒಳಗೆ ಹೋಗಿ ಮುಚ್ಚಳ ತಿರುಗಿ ಅದಲುಬದಲು ಮಾಡಿದರೆ ಅರ್ಧ ನಿಮಿಷದ ಕೆಲಸ. ಮುಂದಿನ ಡೋಸಿನಿಂದ ಎಲ್ಲ ಸರಿ. ಹಾವು ಸಾಯಬೇಕು, ಕೋಲು ಮುರಿಯಬಾರದು. ಹೊಸ ಕೈಗವಸು ಹಾಕಿಕೊಂಡು ಕಪಾಟಿನ ತನಕ ಹೋಗಿಯೂ ಬಿಟ್ಟಳು.

ಆದರೆ ಲೆಕ್ಕ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ಡೋಸು ತಪ್ಪಿ ಎದ್ದ ಗಡ್ಡೆಯನ್ನು ಮಾಮೂಲು ಡೋಸು ಮಲಗಿಸಲಾರದು. ಒಂಬತ್ತು ದಿನ, ದಿನಕ್ಕೊಂದರಂತೆ ತುರ್ತು ಸರಣಿ ಕೊಡಬೇಕು. ಅದನ್ನು ತಯಾರಿಸುವ ಯಂತ್ರದ ಬೀಗಕ್ಕೆ ಇಬ್ಬರ ಹೆಬ್ಬೆರಳು ಬೇಕು. ಇಂಥ ಮೈಗೆ ಇಂಥದೇ ತಪ್ಪು ಮದ್ದು ಹೋಯಿತು ಎಂದು ಕಾರಣ ಬರೆಯಬೇಕು. ಬರೆದರೆ ಅಂಬಾಬಾಯಿ ಗದಗ ಯಾರು ಎಂದು ಹೇಳಬೇಕು. ಸುಮ್ಮನಿದ್ದರೆ ಪಲ್ಲವಿಗೆ ಕೋಣೆ ಉಳಿಯುತ್ತದೆ, ಫಕೀರವ್ವ ಉಳಿಯುವುದಿಲ್ಲ. ಸಂಕ್ರಾಂತಿ ದಾಟಿದರೆ ಹೆಚ್ಚು.

ಕಪಾಟಿನ ಗಾಜಿನಲ್ಲಿ ಅವಳ ಮುಖ ಕಂಡಿತು, ಅದರ ಹಿಂದೆ ಪಕ್ಕ ಪಕ್ಕ ಎರಡು ಸೀಸೆ. ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಹೊರಗಿನ ಕೋಣೆಗೆ ಬಂದಳು. ನಿಂಗರಾಜ ಚಪ್ಪಲಿ ಬದಲಿಸುತ್ತಿದ್ದ.

“ನಿಂಗರಾಜ, ಬಾಗಲಾ ಹಾಕು.”

ಅವನ ಮುಖ ಸಣ್ಣದಾಯಿತು. “ನಾ ಏನರ ತಪ್ಪ ಮಾಡೇನೇನ್ರಿ ಮೇಡಮ್?”

“ನೀ ಅಲ್ಲ. ನಾ.”

ನಿಂತೇ ಹೇಳಿದಳು, ಗಂಟು ಸಿಕ್ಕ ದಿನದಿಂದ ಹಿಡಿದು ಆರತಿಯ ಗಂಟೆಯ ತನಕ. ಹೇಳಿ ಮುಗಿಸಿ ಕಾದಳು. ಆರು ವರ್ಷದ ಹಿಂದಿನ ತನ್ನ ಮಾತನ್ನೇ ಅವನು ತಿರುಗಿ ಅನ್ನಲಿ ಎಂದು ಕಾದಳು. ಅಂದುಬಿಟ್ಟರೆ ಎದೆ ಹಗುರಾಗುತ್ತಿತ್ತು.

ನಿಂಗರಾಜ ಕೈಯಲ್ಲಿದ್ದ ಒಂದು ಕಾಲಿನ ಚಪ್ಪಲಿಯನ್ನು ಕೆಳಗಿಟ್ಟ. “ಡೋಸ್ ಯಾರ ಕೊಡ್ತಿದ್ರು ನಿಮಗ?”

“ನಾನ.”

“ಮನ್ಯಾಗ?”

“ಹೂಂ.”

“ಒಬ್ಬಾಕೀನ?” ಎಂದ ಅವನು. “ನಾಕ ವರ್ಷ? ಜ್ವರಾ ಬರ್ತಿತ್ತಲ್ರಿ ಮೇಡಮ್, ನೀರ ಕೊಡಾವ್ರು ಯಾರು?”

“ತಂಬಿಗಿ ತುಂಬಿ ಬಾಜೂಕ ಇಟ್ಕೋತಿದ್ದೆ” ಎಂದಳು ಪಲ್ಲವಿ. ಬೈಗುಳಕ್ಕೆ ಸಿದ್ಧವಾಗಿ ಬಂದವಳಿಗೆ ಈ ಪ್ರಶ್ನೆಯನ್ನು ತಡೆಯಲಾಗಲಿಲ್ಲ. ಚಪ್ಪಲಿ ಇಡುವ ಬೆಂಚಿನ ಮೇಲೆ ಕೂತು ಅತ್ತಳು.

ಕೆಲಸ ಕೆಲಸವೇ. ಇಬ್ಬರೂ ಸೇರಿ, ಒಂದೊಂದೇ ಸೀಸೆಯನ್ನು ತೆರೆದು ಮುಚ್ಚಳ ಸರಿಪಡಿಸಿದರು. ಸೀಸೆ ಮುಟ್ಟಿದ್ದು ನಿಂಗರಾಜ. ಪಲ್ಲವಿ ಗಾಜಿನಾಚೆ ನಿಂತು ನಂಬರು ಹೇಳಿದಳು. ಕಾರಣದ ಹಾಳೆಯಲ್ಲಿ ತನ್ನ ನಿಜವಾದ ಹೆಸರು ಬರೆದು ಸಹಿ ಮಾಡಿದಳು. ಕೊನೆಯದಾಗಿ ಹೆಬ್ಬೆರಳು ಒತ್ತುವಾಗ ನಿಂಗರಾಜ ತಡೆದ.

“ಯಂತ್ರ ಒಂದ ಐತ್ರಿ. ಒಂಬತ್ತ ದಿನಾ ಒಬ್ರದ ಆಗ್ತೈತಿ. ಯಾರದು ಮೊದಲ?”

“ಫಕೀರವ್ವಂದು.”

“ನಿಮ್ಮ ಮಗ್ಗಲಾನೂ ನೋಯಾಕತ್ತೇತಿ ಅಂದ್ರಿ. ಒಂಬತ್ತ ದಿನಾ ತಡಾ ಆದ್ರ ನಿಮ್ದು ಮಲಗ್ತೈತಿ ಅನ್ನೂ ಖಾತ್ರಿ ಇಲ್ಲ.”

“ಒಂದು ಹೊತ್ತಿಗೆ ಒಂದೇ ಮುಚ್ಚಳ, ನಿಂಗರಾಜ” ಎಂದು ಅವಳು ಹೆಬ್ಬೆರಳು ಒತ್ತಿದಳು.

ಖಾನಾವಳಿಯ 'ಊಟ ಮುಗಿದಿದೆ' ಹಲಗೆ ತಿರುಗಿಸಿದ್ದ ಹೊತ್ತಿಗೆ ಪಲ್ಲವಿ ರಸ್ತೆ ದಾಟಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ತುಳಿದದ್ದು. ಫಕೀರವ್ವ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಮಲ್ಲವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪಲ್ಲವಿ ಎದುರಿಗೆ ಕೂತು, ನಿಂಗರಾಜನಿಗೆ ಹೇಳಿದ್ದನ್ನೆಲ್ಲ ಹೇಳಿದಳು. ಚೀಟಿ, ಒಕ್ಕಣೆ ಎಲ್ಲ ಬಿಟ್ಟು, ನನ್ನ ತಪ್ಪಿನಿಂದ ನಿನ್ನ ಮದ್ದು ನನಗೆ ಬಂತು, ನನ್ನದು ನಿನಗೆ ಬಂತು ಎಂದಳು.

ಫಕೀರವ್ವ ರೆಪ್ಪೆ ಬಡಿಯದೆ ಕೇಳಿದಳು. “ಬರೂ ತಿಂಗಳ ಮಗಳ ಬಾಣಂತನ ಐತಿ. ಅಲ್ಲೀ ತನಕಾ ನಾ ಇರ್ತೇನಿಲ್ಲೋ? ಅಷ್ಟ ಹೇಳ್ರಿ.”

“ಇರ್ತಿ ಅಂತ ನಂಬೇನಿ. ನಾಳಿಂದ ಒಂಬತ್ತ ದಿನಾ ಬರಬೇಕು. ಖಾತ್ರಿ ಕೊಡಾಕ ನನ್ನ ಕಡೆ ಆಗೂದಿಲ್ಲ.”

“ಖಾತ್ರಿ ಇಲ್ಲ!” ಫಕೀರವ್ವನ ದನಿ ಏರಿತು. “ನಿಮ್ಮ ಕೈ ಅಂದ್ರ ದೇವ್ರ ಕೈ ಅಂತ ಊರಾಗೆಲ್ಲಾ ಹೇಳಿದಾಕಿ ನಾನು. ಕಣ್ಣ ಮುಚ್ಚಿ ತೊಡಿ ಕೊಟ್ಟೇನಿ. ನೀವು ರೋಗಾ ಮುಚ್ಚಿಟ್ಟು ಒಳಗ ಕುಂತಿದ್ರೇನು?” ಉಸಿರು ಸಾಲದೆ ನಿಲ್ಲಿಸಿದಳು. ಆಮೇಲೆ ಬೇರೆಯೇ ಏನೋ ನೆನಪಾದವಳಂತೆ ಕೇಳಿದಳು. “ಅಲ್ರಿ, ನಾನೂರ ಸೀಸೆ ಅದಾವಂತ ಅಲ್ಲಿ. ನಂದರ ಬಾಜೂಕ ಯಾಕ ಇಟ್ರಿ?”

ಈ ಪ್ರಶ್ನೆಗೆ ಪಲ್ಲವಿ ತಯಾರಾಗಿ ಬಂದಿರಲಿಲ್ಲ. ಸುಳ್ಳು ಹೇಳುವ ಶಕ್ತಿ ಆ ದಿನದ ಮಟ್ಟಿಗೆ ಮುಗಿದಿತ್ತು.

“ಅದೊಂದ ಇರಬಾರದು ಅನಸ್ತು” ಎಂದಳು. “ಗುರತಿನಾವ್ರ ಬಾಜೂಕ ಇರಲಿ ಅಂತ.”

ಫಕೀರವ್ವ ಅವಳನ್ನು ದಿಟ್ಟಿಸಿ ನೋಡಿದಳು.

“ಹನ್ನೊಂದ ವರ್ಷ ಕರದೇನಿ ಅಕ್ಕಾರ, ಒಳಗ ಬರ್ರಿ, ಬಾಜೂಕ ಕುಂತ ಉಣ್ಣ್ರಿ ಅಂತ. ನೀವು ಬರಲಿಲ್ಲ. ಸೀಸೆ ಕಳಿಸಿದ್ರಿ.”

ಪಲ್ಲವಿ ತಲೆ ತಗ್ಗಿಸಿದಳು.

“ನಾಳಿಂದ ನಿಮ್ಮ ಡಬ್ಬಿ ಬರಂಗಿಲ್ಲ” ಎಂದು ಫಕೀರವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. “ಹೋಗ್ರಿ ಈಗ.”

ವಿಚಾರಣೆ ಎರಡೇ ದಿನದಲ್ಲಿ ಮುಗಿಯಿತು. ಬೀಗದಿಂದ ಪಲ್ಲವಿಯ ಹೆಬ್ಬೆರಳ ಗುರುತನ್ನು ಅಳಿಸಿದರು, ಕೋಣೆಯನ್ನು ನಿಂಗರಾಜನಿಗೆ ಒಪ್ಪಿಸಿದರು. ಹಾಳೆ ಓದಲು ಅವಳಿಗಿಂತ ಬಲ್ಲವರಿಲ್ಲವೆಂದು ಹೊರಗಿನ ಪಡಸಾಲೆಯಲ್ಲೊಂದು ಮೇಜು ಕೊಟ್ಟರು. ಇಪ್ಪತ್ತಾರು ವರ್ಷ ಒಳಗಿನಿಂದ ನೋಡಿದ ಗಾಜನ್ನು ಈಗವಳು ಹೊರಗಿನಿಂದ ನೋಡಿದಳು. ಒಂಬತ್ತು ದಿನ ಬೆಳಿಗ್ಗೆ ಫಕೀರವ್ವ ಮಲ್ಲವ್ವನ ಹೆಗಲು ಹಿಡಿದು ಬಂದು ಚುಚ್ಚಿಸಿಕೊಂಡು ಹೋದಳು. ಪಲ್ಲವಿಯ ಮೇಜಿನ ಮುಂದೆಯೇ ಹಾದು ಹೋಗಬೇಕು, ಹೋದಳು, ಮಾತಾಡಲಿಲ್ಲ. ಆಮೇಲಿನ ಒಂಬತ್ತು ದಿನ ಪಲ್ಲವಿಯ ಸರದಿ. ನರ್ಸಮ್ಮ ಚುಚ್ಚಿದಳು. ಬೇರೆಯವರ ಕೈಯ ಚುಚ್ಚುಮದ್ದು ಇಷ್ಟು ಕಡಿಮೆ ನೋಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಕಾಲುಗಳು ತಾವಾಗಿ ಗೇಟಿನ ಕಿಟಕಿಯ ಕಡೆ ಎಳೆಯುತ್ತಿದ್ದವು. ಅವಳು ಮನೆಯಿಂದ ತಂದ ಅವಲಕ್ಕಿ ನೆನೆಸಿಕೊಂಡು ಮೇಜಿನಲ್ಲೇ ತಿನ್ನುತ್ತಿದ್ದಳು. ಅಷ್ಟು ವರ್ಷ ಒಬ್ಬಳೇ ಉಂಡವಳಿಗೆ, ಒಬ್ಬಳೇ ಉಣ್ಣುವುದು ಎಂದರೇನೆಂದು ತಿಳಿದದ್ದು ಆ ದಿನಗಳಲ್ಲಿ.

ಇಪ್ಪತ್ತನೆಯ ದಿನ ನಿಂಗರಾಜ ಎರಡು ಹಾಳೆ ಹಿಡಿದು ಬಂದ.

“ಫಕೀರವ್ವಂದು ಪೂರಾ ಮಲಗೇತ್ರಿ ಮೇಡಮ್. ಮೈಯಾಗಿಂದೂ, ಸೀಸೇದೂ.”

ಪಲ್ಲವಿ ಕಣ್ಣು ಮುಚ್ಚಿಕೊಂಡಳು. “ನಂದು?”

“ಅರ್ಧಾ.” ಅವನು ಮುಚ್ಚಿಡಲಿಲ್ಲ. “ಇನ್ನೊಂದ ಸರಣಿ ಬೇಕು. ಆಮ್ಯಾಲೂ ಏನಂತ ಹೇಳಾಕ ಬರೂದಿಲ್ಲ.”

ಅವಳು ಹಾಳೆ ಇಸಿದುಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ತನ್ನದನ್ನು ಓದಿದಳು. ಓದಲಾಗದಷ್ಟು ಭಯಂಕರವಾದದ್ದೇನೂ ಅದರಲ್ಲಿರಲಿಲ್ಲ. “ಎಲ್ಲಿಟ್ಟಿ ನಂದು?”

ನಿಂಗರಾಜ ತಡವರಿಸಿದ. “ಕಡೀ ಕಪಾಟಿನ್ಯಾಗ್ರಿ. ಅದೊಂದ ಇಟ್ಟೇನಿ. ಬಾಜೂಕ ಯಾವದೂ ಇಲ್ಲ. ತಪ್ಪ ತಿಳಕೋಬ್ಯಾಡ್ರಿ.”

“ಚಲೋ ಮಾಡಿದಿ. ಸೀಸೆ ಹಂಗ ಇರಬೇಕು.”

ಗಂಟೆ ಒಂದಾಗಿತ್ತು. ಗೇಟಿನ ಹತ್ತಿರ ಬಂದಾಗ ರಸ್ತೆಯಾಚೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳಿತು. ಅದು ಮಲ್ಲವ್ವನ ಕೈಯಲ್ಲ. ಮಲ್ಲವ್ವ ಬಡಿಯುತ್ತಾಳೆ, ಫಕೀರವ್ವ ತಟ್ಟುತ್ತಾಳೆ. ಪಲ್ಲವಿ ತಿರುಗಿ ಒಳಗೆ ಹೋಗಿ, ಮೇಜಿನ ಖಾನೆ ತೆರೆದು, ಅಲ್ಲಿದ್ದುದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ರಸ್ತೆ ದಾಟಿದಳು.

ಖಾನಾವಳಿ ಗಿಜಿಗುಡುತ್ತಿತ್ತು, ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಒಲೆಯ ಮುಂದೆ ಫಕೀರವ್ವ ತಲೆ ಎತ್ತದೆ ತಟ್ಟುತ್ತಿದ್ದಳು. ಪಲ್ಲವಿ ಬಾಗಿಲಲ್ಲಿ ನಿಂತಳು. ಮೂರು ರೊಟ್ಟಿ ಬೇಯುವಷ್ಟು ಹೊತ್ತು ನಿಂತಳು.

“ನಿಂತಾವ್ರಿಗೆ ಉಣ್ಣಾಕ ನೀಡೂದಿಲ್ಲ ಇಲ್ಲಿ” ಎಂದಳು ಫಕೀರವ್ವ, ಹಂಚನ್ನು ನೋಡುತ್ತಲೇ. “ಸಿಟ್ಟೇನೂ ಇಳದಿಲ್ಲ ನಂಗ.”

“ಇಳೀದಿದ್ರೂ ನಡೀತೈತಿ.”

ಪಲ್ಲವಿ ಕರವಸ್ತ್ರ ಬಿಚ್ಚಿ ಚಾಚಿದಳು. ಒಣಗಿ ಮುರುಟಿದ ಬನ್ನಿ ಎಲೆ. ಫಕೀರವ್ವ ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು.

“ಈಗೇನ್ರಿ ಬನ್ನಿ? ದಸರಾ ಮುಗದ ಎರಡ ತಿಂಗಳಾತು!”

“ತಡಾ ಆತು” ಎಂದಳು ಪಲ್ಲವಿ.

ಫಕೀರವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿ, ಎಲೆ ತೆಗೆದುಕೊಂಡು ಕಣ್ಣಿಗೊತ್ತಿ, ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ಪಕ್ಕದ ಮಣೆಯ ಮೇಲಿದ್ದ ಹಿಟ್ಟಿನ ಪರಾತವನ್ನು ಎತ್ತಿ ಆಚೆ ಇಟ್ಟಳು. ಮಣೆ ಖಾಲಿಯಾಯಿತು.

ಪಲ್ಲವಿ ಕೂತಳು. ಹಂಚಿನಿಂದ ಇಳಿದ ರೊಟ್ಟಿ ನೇರ ಅವಳ ತಾಟಿಗೆ ಬಂದು ಬಿತ್ತು. ಹನ್ನೊಂದು ವರ್ಷ ಆರಿದ ರೊಟ್ಟಿಯನ್ನೇ ಉಂಡವಳಿಗೆ ಅದು ಇಷ್ಟು ಬಿಸಿ ಇರುತ್ತದೆಂಬುದು ಮರೆತೇ ಹೋಗಿತ್ತು. ಅವಸರದಲ್ಲಿ ಮುರಿಯಹೋಗಿ ಬೆರಳು ಸುಟ್ಟುಕೊಂಡಳು.